ಕ್ಯೂ ಎಲ್ಲಿ ನಿಲ್ಲಬೇಕು?

ಬೋರ್ಡಿನ ಮುಂದೆ ನಿಂತ ಸಾಲು ಮೇಷ್ಟ್ರ ಕೈಯಲ್ಲಿ ಚಾಕ್‌ಪೀಸ್ ಇತ್ತು. ತಲೆಯಲ್ಲಿ ಏನೂ ಇರಲಿಲ್ಲ. ಬೆನ್ನ ಹಿಂದೆ ಕೋಚಿಂಗ್ ಕ್ಲಾಸಿನ ಬೆಂಚುಗಳ ತುಂಬ ಅವರ ಜೊತೆಗೇ ಕಲಿಯುವ, ಅವರ ಅರ್ಧ ವಯಸ್ಸಿನ ಹುಡುಗ ಹುಡುಗಿಯರು ಪೆನ್ನಿನ ತುದಿ ಕಚ್ಚಿಕೊಂಡು ಕಾಯುತ್ತಿದ್ದರು. ಬೋರ್ಡಿನ ಮೇಲಿದ್ದದ್ದು ಮೂರೇ ಮೂರು ಹೇಳಿಕೆ. ಪಿ ಕ್ಯೂಗಿಂತ ದೊಡ್ಡದು. ಕ್ಯೂ ಆರ್‌ಗಿಂತ ದೊಡ್ಡದು. ಎಸ್ ಕೂಡ ಆರ್‌ಗಿಂತ ದೊಡ್ಡದು. ಅದರ ಕೆಳಗೆ ಎರಡು ತೀರ್ಮಾನ. ಒಂದು, ಪಿ ಆರ್‌ಗಿಂತ ದೊಡ್ಡದು. ಎರಡು, ಎಸ್ ಕ್ಯೂಗಿಂತ ದೊಡ್ಡದು. ಇವುಗಳಲ್ಲಿ ಯಾವುದು ಸರಿ ಅಂತ ಹೇಳಬೇಕು, ಅಷ್ಟೇ.

ಮೇಷ್ಟ್ರು ಒಮ್ಮೆ ಕೆಮ್ಮಿದರು. ಆಮೇಲೆ ಚಾಕ್‌ಪೀಸ್ ಕೆಳಗಿಟ್ಟು ಕ್ಲಾಸಿನ ಕಡೆ ತಿರುಗಿ, ಆಟದ ಮೈದಾನದ ದನಿಯಲ್ಲಿ ಕೂಗಿದರು.

"ನೀನು, ನೀನು, ಕನ್ನಡಕ ಹಾಕಿರೋಳು ನೀನು, ಆ ಮೂಲೆಯ ಉದ್ದದವನು! ಬನ್ನಿ ಮುಂದೆ!"

ಆ ದನಿಗೆ ಬಾರದೆ ಉಳಿಯುವವರು ಯಾರು? ನಾಲ್ವರೂ ಬಂದರು. ಮೇಷ್ಟ್ರು ಒಬ್ಬೊಬ್ಬರ ಭುಜ ಹಿಡಿದು ನಿಲ್ಲಿಸಿದರು. ನೀನು ಪಿ, ನೀನು ಕ್ಯೂ, ನೀನು ಆರ್. ಮೂವರೂ ಚೆನ್ನಾಗಿ ನಿಂತರು. ಉಳಿದವನು ಎಸ್. ಅವನನ್ನು ಎಲ್ಲಿ ನಿಲ್ಲಿಸುವುದು? ಆರ್‌ಗಿಂತ ದೊಡ್ಡವನಂತೆ, ಸರಿ. ಆದರೆ ಕ್ಯೂಗೆ? ಮೇಷ್ಟ್ರು ಒಂದು ಗಳಿಗೆಯೂ ತಡಮಾಡಲಿಲ್ಲ. ಜೀವಮಾನವಿಡೀ ಮಾಡಿದ್ದನ್ನೇ ಮಾಡಿದರು. ಎಸ್ಸನ್ನೂ ಕ್ಯೂವನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಇಬ್ಬರ ತಲೆಯ ಮೇಲೆ ಅಂಗೈ ಚಪ್ಪಟೆಯಾಗಿ ಆಡಿಸಿ ನೋಡಿದರು.

"ಎಸ್ ದೊಡ್ಡವನು. ಎರಡು ತೀರ್ಮಾನವೂ ಸರಿ."

ಪಾಠ ಹೇಳುತ್ತಿದ್ದ ಯುವಕ ಮೆಲ್ಲನೆ ಮುಂದೆ ಬಂದ. ಅವನು ಒಂದಾನೊಂದು ಕಾಲದಲ್ಲಿ ಇದೇ ಮೇಷ್ಟ್ರ ಸಾಲಿನಲ್ಲಿ ಮೊದಲನೆಯವನಾಗಿ ನಿಂತವನು. ಬುದ್ಧಿಗಲ್ಲ, ಕುಳ್ಳಗಿದ್ದದ್ದಕ್ಕೆ.

"ಸಾರ್, ಎಸ್‌ಗೂ ಕ್ಯೂಗೂ ಸಂಬಂಧವೇ ಕೊಟ್ಟಿಲ್ಲವಲ್ಲ."

"ಸಂಬಂಧ ಇಲ್ಲದೇ ಇದ್ರೇನಪ್ಪ, ಎತ್ತರ ಇಲ್ವಾ?"

ಅಷ್ಟು ಸಾಕಾಯಿತು. ಮುಂದಿನ ಬೆಂಚಿನಿಂದ ಹೊರಟ ನಗು ಹಿಂದಿನ ಗೋಡೆಗೆ ಬಡಿದು ವಾಪಸು ಬಂತು. ಎಸ್ ನಕ್ಕ, ಕ್ಯೂ ನಕ್ಕಳು, ಆರ್ ಮುಖ ಮುಚ್ಚಿಕೊಂಡ.

"ಸಾರ್," ಎಂದ ಯುವಕ, ನಗು ನುಂಗಿ, ತನ್ನ ಹಳೆಯ ಮೇಷ್ಟ್ರ ಮುಖ ನೋಡಲಾಗದೆ ನೆಲ ನೋಡುತ್ತ, "ಇದು ಪರೇಡ್ ಅಲ್ಲ ಸಾರ್, ಪರೀಕ್ಷೆ."

ಸಾಲು ಮೇಷ್ಟ್ರು ತಮ್ಮ ಜಾಗಕ್ಕೆ ಹೋಗಿ ಚೀಲ ಎತ್ತಿಕೊಂಡರು. ಚಪ್ಪಲಿ ಬಿಟ್ಟಿದ್ದ ಕಡೆ ಒಂದು ಕ್ಷಣ ನಿಂತರು. ಯಾರೂ ನೋಡುತ್ತಿಲ್ಲವೆಂದುಕೊಂಡು, ಅಡ್ಡಾದಿಡ್ಡಿ ಬಿದ್ದಿದ್ದ ಆ ಚಪ್ಪಲಿಗಳನ್ನೆಲ್ಲ ಕಾಲಿನಿಂದಲೇ ಸಾಲಾಗಿ ಸರಿಸಿ, ಹೊರಟುಹೋದರು. ಆ ಕ್ಲಾಸಿಗೆ ಮತ್ತೆ ಕಾಲಿಡಲಿಲ್ಲ.

ಅವರನ್ನು ಸಾಲು ಮೇಷ್ಟ್ರು ಅಂತ ಕರೆಯಲು ಶುರು ಮಾಡಿದವರು ಯಾರೋ ಗೊತ್ತಿಲ್ಲ. ಶಾಲೆಯಲ್ಲಿ ಅವರ ಹುದ್ದೆ ಡ್ರಿಲ್ ಮೇಷ್ಟ್ರದ್ದು. ಬೆಳಿಗ್ಗೆ ಗಂಟೆ ಹೊಡೆದಾಗ ಚೆಲ್ಲಿದ ಸಾಸಿವೆಯಂತೆ ಓಡಾಡುವ ಮಕ್ಕಳನ್ನು ಒಂದು ಸೀಟಿ ಊದುವಷ್ಟರಲ್ಲಿ ಕುಳ್ಳರಿಂದ ಉದ್ದದವರ ತನಕ ಜೋಡಿಸಿ ನಿಲ್ಲಿಸುವುದು ಅವರ ವಿದ್ಯೆ. ಅದರಲ್ಲಿ ಅವರನ್ನು ಮೀರಿಸಿದವರಿಲ್ಲ. ಇಬ್ಬರು ಒಂದೇ ಎತ್ತರವಿದ್ದಾರೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ಬೆನ್ನಿಗೆ ಬೆನ್ನು ಹಚ್ಚಿ, ಅಂಗೈ ಆಡಿಸಿ, ಒಂದು ಕೂದಲೆಳೆಯ ವ್ಯತ್ಯಾಸವನ್ನಾದರೂ ಕಂಡುಹಿಡಿದು ಒಬ್ಬನನ್ನು ಮುಂದೆ, ಒಬ್ಬನನ್ನು ಹಿಂದೆ ನಿಲ್ಲಿಸಿಯೇ ಬಿಡುತ್ತಿದ್ದರು. ಸಾಲಿನಲ್ಲಿ ಒಂದು ಜಾಗ ಖಾಲಿ ಬಿದ್ದರಂತೂ ಬಾಯಲ್ಲಿ ಹಲ್ಲು ಬಿದ್ದಷ್ಟು ಸಂಕಟ. ನಾಲಿಗೆ ಅಲ್ಲಿಗೇ ಹೋಗುವ ಹಾಗೆ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ತಾವೂ ಚಿಕ್ಕವರಿದ್ದಾಗ ಶಾಲೆಯಲ್ಲಿ ಸದಾ ಮೊದಲಿಗರು. ಅಂಕದಲ್ಲಲ್ಲ, ಪ್ರಾರ್ಥನೆಯ ಸಾಲಿನಲ್ಲಿ. ಮುಂದೆ ಯಾರೂ ಇಲ್ಲದೆ ಬರೀ ಗಾಳಿ ನೋಡುತ್ತ ನಿಂತ ಹುಡುಗನಿಗೆ, ತನ್ನ ಬೆನ್ನ ಹಿಂದೆ ಒಂದು ಕ್ರಮ ಇದೆ ಎಂಬುದೇ ದೊಡ್ಡ ಧೈರ್ಯವಾಗಿತ್ತಂತೆ.

ಮನೆಯಲ್ಲೂ ಹಾಗೇ. ಲೋಟಗಳು ಎತ್ತರದ ಪ್ರಕಾರ, ಪುಸ್ತಕಗಳು ಎತ್ತರದ ಪ್ರಕಾರ, ಬಚ್ಚಲುಮನೆಯ ಬಕೆಟ್ಟುಗಳು ಎತ್ತರದ ಪ್ರಕಾರ. "ನಮ್ಮ ಮನೇಲಿ ಉಪ್ಪಿನ ಡಬ್ಬಿ ಪಕ್ಕ ಸೊಳ್ಳೆ ಔಷಧ ಇರತ್ತೆ. ಯಾಕಂದ್ರೆ ಎರಡೂ ಒಂದೇ ಎತ್ತರ," ಎನ್ನುತ್ತಿದ್ದಳು ಹೆಂಡತಿ. ಆಕೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು, ಖಾಯಂ. ಮೇಷ್ಟ್ರು ಹಂಗಾಮಿ. ಇಷ್ಟು ವರ್ಷ ಊದಿದ ಸೀಟಿ ಸವೆದು ದನಿ ಬದಲಾದರೂ ಹುದ್ದೆಯ ಹಿಂದಿನ ಆ ಪದ ಬದಲಾಗಿರಲಿಲ್ಲ.

ಈಗ ಹೊಸ ನಿಯಮ ಬಂದಿತ್ತು. ಹಂಗಾಮಿಗಳೆಲ್ಲ ಪರೀಕ್ಷೆ ಪಾಸು ಮಾಡಬೇಕು, ಮಾಡದವರು ಮನೆಗೆ. ಪರೀಕ್ಷೆಯಲ್ಲಿ ಆಟದ ವಿಷಯ ಇತ್ತು, ಭಾಷೆ ಇತ್ತು, ಜೊತೆಗೆ ತರ್ಕ ಎಂಬ ಒಂದು ವಿಭಾಗವೂ ಇತ್ತು. ಡ್ರಿಲ್ ಮೇಷ್ಟ್ರಿಗೆ ತರ್ಕ ಯಾಕೆ ಎಂದು ಕೇಳುವುದು ಸಹ ತರ್ಕವೇ, ಆದರೆ ಅದಕ್ಕೆ ಅಂಕವಿಲ್ಲ. ಮೊದಲ ಸಲ ಮೇಷ್ಟ್ರು ಅಲ್ಲೇ ಬಿದ್ದರು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಎಂದು ಉತ್ತರದ ಹಾಳೆಯ ನೆತ್ತಿಯ ಮೇಲೇ ಅಚ್ಚು ಹಾಕಿತ್ತು. ಓದಿದ್ದರು ಕೂಡ. ಆದರೆ ಉತ್ತರದ ಸೊನ್ನೆಗಳ ಸಾಲಿನಲ್ಲಿ ಒಂದು ಸೊನ್ನೆ ಖಾಲಿ ಉಳಿದದ್ದು ಕಂಡರೆ ಗೈರುಹಾಜರಾದ ಹುಡುಗನನ್ನು ಕಂಡಂತಾಗಿ, ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ಮಸಿ ತುಂಬಿ ಬಂದಿದ್ದರು. ಗೊತ್ತಿದ್ದದ್ದು ಗಳಿಸಿಕೊಟ್ಟದ್ದನ್ನು ಗೊತ್ತಿಲ್ಲದ್ದು ಗುಡಿಸಿ ಒಯ್ದಿತ್ತು.

"ಇದೇ ಕೊನೆ ಅವಕಾಶ ಮೇಷ್ಟ್ರೇ," ಎಂದಿದ್ದರು ಹೆಡ್‌ಮಿಸ್ಟ್ರೆಸ್ಸಮ್ಮ, ಕನ್ನಡಕ ತೆಗೆದು ಒರೆಸುತ್ತ. ಅವರು ಕನ್ನಡಕ ಒರೆಸಿದರೆ ಸುದ್ದಿ ಕೆಟ್ಟದ್ದೆಂದೇ ಲೆಕ್ಕ. "ಈ ಸಲ ಆಗಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಕೈಲಿ ಏನೂ ಇಲ್ಲದಿದ್ದರೂ ಕಿಟಕಿಯಾಚೆ ಒಬ್ಬನಿದ್ದ. ಒಬ್ಬ ತರುಣ, ಹೊಸ ಬೂಟು, ಕೊರಳಲ್ಲಿ ಸ್ಟಾಪ್‌ವಾಚು. ಮೈದಾನದ ಅಂಚಿನಲ್ಲಿ ಕೈಕಟ್ಟಿ ನಿಂತು ಮಕ್ಕಳನ್ನು ನೋಡುತ್ತಿದ್ದ. "ಸುಮ್ನೆ ನೋಡೋಕೆ ಬಂದಿದ್ದಾನೆ," ಎಂದರು ಹೆಡ್‌ಮಿಸ್ಟ್ರೆಸ್ಸಮ್ಮ. ಅಂದಿನಿಂದ ಆ ತರುಣ ದಿನವೂ ಸುಮ್ಮನೆ ನೋಡಲು ಬಂದ. ಹೆಣ್ಣು ನೋಡಲು ಬಂದವರು ಕೂಡ ಅಷ್ಟು ಸಲ ಬರುವುದಿಲ್ಲ.

ಕೋಚಿಂಗ್ ಕ್ಲಾಸು ಬಿಟ್ಟ ಮೇಷ್ಟ್ರು ಸಂಜೆ ಮನೆಯ ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಕೂತು, ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದರು. ಗಟ್ಟಿಯಾಗಿ ಓದದೆ ಅವರಿಗೆ ತಲೆಗೆ ಹತ್ತುತ್ತಿರಲಿಲ್ಲ. ಗಟ್ಟಿಯಾಗಿ ಓದಿದರೂ ಹತ್ತುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಅದೇ ಹಜಾರದ ಇನ್ನೊಂದು ಮೂಲೆಯಲ್ಲಿ, ಆರಾಮಕುರ್ಚಿಯ ಮೇಲೆ, ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬರು ಕೂತಿದ್ದರು. ಮೇಷ್ಟ್ರ ಅತ್ತೆ. ನಿವೃತ್ತ ಗಣಿತದ ಟೀಚರು.

ಮದುವೆಯ ಮಾತುಕತೆಯ ದಿನ ಆ ಅತ್ತೆ ಮೇಷ್ಟ್ರ ಮಾರ್ಕ್ಸ್ ಕಾರ್ಡ್ ಕೇಳಿ ತರಿಸಿಕೊಂಡು, ಮೇಲಿಂದ ಕೆಳಗೆ ಓದಿ, ಮೇಜಿನ ಮೇಲಿಟ್ಟು ಮಗಳ ಕಡೆ ತಿರುಗಿ ಒಂದೇ ಮಾತು ಹೇಳಿದ್ದರು: "ಸಾಲದು." ಸಾಲು ಮೇಷ್ಟ್ರು ಅನ್ನುವ ಹೆಸರು ಆಮೇಲೆ ಬಂದದ್ದು. ಮಗಳು ಹಟ ಮಾಡಿ ಮದುವೆಯಾದಳು. ಅತ್ತೆ ಬಂದರು, ಅಕ್ಕರೆಯಿಂದಲೇ ಹರಸಿದರು, ಆದರೆ ಅಳಿಯನ ಜೊತೆ ನೇರವಾಗಿ ಮಾತಾಡಲಿಲ್ಲ. ಮಾತೆಲ್ಲ ಮಗಳ ಮೂಲಕ. ಮೂವರೂ ಒಂದೇ ಕೋಣೆಯಲ್ಲಿದ್ದರೂ, "ಅವರಿಗೆ ಕಾಫಿ ಬೇಕಾ ಕೇಳು," ಎನ್ನುವರು ಅತ್ತೆ. "ಬೇಡ ಅಂತ ಹೇಳು," ಎನ್ನುವರು ಮೇಷ್ಟ್ರು. ನಡುವೆ ಕೂತ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಒಮ್ಮೆ ಆಚೆ, ಒಮ್ಮೆ ಈಚೆ ತಿರುಗುವಳು. ವರ್ಷಗಳು ಉರುಳಿದರೂ ಅಳಿಯ ತಮ್ಮ ಪಾಡಿಗೆ ಮಕ್ಕಳನ್ನು ಅಳೆಯುತ್ತಿದ್ದರು, ಅತ್ತೆ ತಮ್ಮ ಪಾಡಿಗೆ ಅಳಿಯನನ್ನು ಅಳೆಯುತ್ತಿದ್ದರು. ಅಳತೆಗೋಲು ಯಾರೂ ಕೆಳಗಿಟ್ಟಿರಲಿಲ್ಲ.

ಆವತ್ತು ಎಕ್ಸ್‌ಚೇಂಜ್ ಇರಲಿಲ್ಲ. ಹೆಂಡತಿಗೆ ಲ್ಯಾಬಿನಲ್ಲಿ ಎರಡನೇ ಪಾಳಿ.

"ಎ ಬಿಗಿಂತ ದೊಡ್ಡದು, ಸಿ ಬಿಗಿಂತ ದೊಡ್ಡದು," ಓದಿದರು ಮೇಷ್ಟ್ರು. "ಆದ್ದರಿಂದ ಎ ಸಿಗಿಂತ ದೊಡ್ಡದು."

"ತಪ್ಪು," ಎಂದಿತು ಆರಾಮಕುರ್ಚಿ.

ಮೇಷ್ಟ್ರು ಬೆಚ್ಚಿ ತಿರುಗಿದರು. ಅತ್ತೆ ಗೋಡೆಯ ಕಡೆಗೇ ಮುಖ ಮಾಡಿದ್ದರು. ಬಹುಶಃ ಗೋಡೆಗೇ ಹೇಳಿದರೇನೋ. ಮೇಷ್ಟ್ರೂ ಗೋಡೆಗೇ ಕೇಳಿದರು.

"ತಪ್ಪು ಯಾಕೆ?"

"ಎ ಮತ್ತು ಸಿ ಬಗ್ಗೆ ಯಾರು ಏನು ಹೇಳಿದ್ದಾರೆ?"

"ಯಾರೂ ಏನೂ ಹೇಳಿಲ್ಲ. ಅದಕ್ಕೇ ನಾನು ಹೇಳಿದೆ."

ಕುರ್ಚಿ ಕಿರುಗುಟ್ಟಿತು. ಆಮೇಲೆ, ಆ ಮನೆಯಲ್ಲಿ ಮೊದಲ ಸಲ, ಅತ್ತೆಯ ಮುಖ ಅಳಿಯನ ಕಡೆ ತಿರುಗಿತು. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. ಅಥವಾ ಅದೇ ಅನುಕೂಲವಾಯಿತೋ ಏನೋ.

"ಮುಂದಿನದು ಓದಿ," ಎಂದರು.

ಹೀಗೆ ಪಾಠ ಶುರುವಾಯಿತು. ಅತ್ತೆಗೆ ಓದಲು ಕಣ್ಣಿಲ್ಲ, ಅಳಿಯನಿಗೆ ಓದಿದ್ದು ಕಾಣುವ ಕಣ್ಣಿಲ್ಲ. ಗುರುತುಗಳನ್ನೂ ಬಾಯಲ್ಲೇ ಹೇಳಬೇಕು. "ಬಾಯಿ ಎಡಗಡೆ ತೆರೆದಿದೆ," ಎನ್ನುವರು ಮೇಷ್ಟ್ರು. "ಹಾಗಾದ್ರೆ ಎಡಗಡೆಯವರು ದೊಡ್ಡವರು. ಬಾಯಿ ಯಾರ ಕಡೆ ತೆರೆದಿದೆಯೋ ಅವರೇ ದೊಡ್ಡವರು," ಎನ್ನುವರು ಅತ್ತೆ. ಇದು ಲೋಕಾನುಭವಕ್ಕೂ ಸರಿಹೊಂದುವುದನ್ನು ಕಂಡು ಮೇಷ್ಟ್ರಿಗೆ ಅದೊಂದು ನೆನಪಿನಲ್ಲಿ ನಿಂತಿತು. ಗುರುತಿನ ಕೆಳಗೆ ಒಂದು ಗೆರೆಯೂ ಇದ್ದರೆ ದೊಡ್ಡದು ಅಥವಾ ಸಮ ಎಂದರ್ಥ. ಇದು ಮಾತ್ರ ಅವರ ಗಂಟಲಲ್ಲಿ ಇಳಿಯಲಿಲ್ಲ.

"ಅಥವಾ ಅಂದ್ರೆ ಏನತ್ತೆ? ದೊಡ್ಡದೋ ಸಮಾನೋ, ಯಾರಾದ್ರೂ ಒಬ್ರು ನೋಡಿ ಹೇಳಬೇಕಲ್ವಾ?"

"ಯಾರೂ ನೋಡಿಲ್ಲ."

"ನೋಡದೆ ಹೇಗೆ ಬಿಡೋದು?"

"ಹಾಗೇ ಬಿಡೋದು. ಹೇಳಿದ್ದಷ್ಟು ನಿಜ, ಹೇಳದೇ ಇದ್ದದ್ದು ಗೊತ್ತಿಲ್ಲ. ಇಷ್ಟೇ ತರ್ಕ. ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ರೀ!"

"ನಮ್ಮಲ್ಲಿ ಹುಡುಗ ಎಲ್ಲಿ ನಿಲ್ಲಲಿ ಸಾರ್ ಅಂತ ಕೇಳಿದ್ರೆ, ಗೊತ್ತಿಲ್ಲ ಅನ್ನೋಕಾಗುತ್ತಾ?"

"ಇದು ನಿಮ್ಮ ಹುಡುಗರಲ್ಲ!" ಅತ್ತೆ ಕುರ್ಚಿಯ ಕೈಗೆ ಬಡಿದರು. "ಬರೀ ಅಕ್ಷರ! ಅದಕ್ಕೆ ಎತ್ತರ ಇಲ್ಲ, ಬೆನ್ನಿಲ್ಲ, ಬೆನ್ನಿಗೆ ಬೆನ್ನು ಹಚ್ಚೋಕೆ ಬರಲ್ಲ!"

ದಿನಗಳು ಹೀಗೇ ಹೋದವು. ಪರೀಕ್ಷೆ ಹತ್ತಿರ ಬಂತು, ಇಬ್ಬರ ದನಿಯೂ ಏರಿತು. ಹತ್ತರಲ್ಲಿ ನಾಲ್ಕು ಸರಿಯಾದರೆ ಅದೇ ಹಬ್ಬ. ಎಲ್ಲ ಸಲವೂ ತಪ್ಪು ಒಂದೇ ಜಾಗದಲ್ಲಿ: ಸಂಬಂಧ ಕೊಡದ ಎರಡು ಅಕ್ಷರಗಳನ್ನು ಮೇಷ್ಟ್ರು ಮನಸ್ಸಿನಲ್ಲೇ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸುತ್ತಿದ್ದರು. ಅದರಲ್ಲೂ ಕ್ಯೂ ಎಂಬ ಅಕ್ಷರ. ಹೆಸರೇ ಕ್ಯೂ ಎಂದಿಟ್ಟುಕೊಂಡು ಕ್ಯೂನಲ್ಲಿ ನಿಲ್ಲಲು ಒಪ್ಪದ ಇದೆಂಥ ಅಕ್ಷರವಪ್ಪ ಎಂದು ಅವರು ಹಲ್ಲು ಕಡಿಯುತ್ತಿದ್ದರು. ಒಂದು ಸಂಜೆ ಅತ್ತೆ ರೇಗಿ, ಮಗಳಿಗೆ ಕೇಳುವಂತೆ ಅಂದೇಬಿಟ್ಟರು. "ನಾನು ಅವತ್ತೇ ಹೇಳಿದ್ದೆ. ಸಾಲದು ಅಂತ." ಮೇಷ್ಟ್ರು ಪುಸ್ತಕ ಮುಚ್ಚಿ ಎದ್ದುಹೋಗಿ, ಬಟ್ಟೆ ತಗೊಂಡು ಔಷಧದ ಕಪಾಟನ್ನು ಒರೆಸತೊಡಗಿದರು. ಕೋಪ ಬಂದಾಗ ಏನನ್ನಾದರೂ ಸಾಲಾಗಿ ಜೋಡಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮರುದಿನ ಹೆಂಡತಿಗೆ ಮತ್ತೆ ಎರಡನೇ ಪಾಳಿ. ಹೊರಡುವಾಗ ಬಾಗಿಲಿನಿಂದಲೇ ಕೂಗಿ ಹೇಳಿದಳು. "ರೀ, ಅಮ್ಮನ ಕಣ್ಣಿಗೆ ಔಷಧ ನೀವೇ ಹಾಕಬೇಕು. ಕಪಾಟಿನಲ್ಲಿ ಮೊದಲನೇ ಸೀಸೆ. ಕೈ ತೊಳ್ಕೊಂಡು."

ಹೊತ್ತಾದಾಗ ಮೇಷ್ಟ್ರು ಕೈ ತೊಳೆದುಕೊಂಡು ಕಪಾಟು ತೆರೆದರು. ಮೊದಲನೇ ಸೀಸೆ ತೆಗೆದರು. ಅತ್ತೆ ಕುರ್ಚಿಯಲ್ಲಿ ಒರಗಿ, ಕಪ್ಪು ಕನ್ನಡಕ ತೆಗೆದು, ಮುಖ ಮೇಲೆತ್ತಿದರು. ನಿನ್ನೆಯ ಮಾತಿನ ಬಿಗುವು ಇಬ್ಬರ ನಡುವೆ ಮೂರನೆಯವರ ಹಾಗೆ ನಿಂತಿತ್ತು. ಮೇಷ್ಟ್ರು ಮುಚ್ಚಳ ತಿರುಗಿಸಿ, ಎಡಗೈಯಿಂದ ಅತ್ತೆಯ ಕೆಳರೆಪ್ಪೆ ಮೆಲ್ಲಗೆ ಎಳೆದು, ಸೀಸೆಯನ್ನು ಮೇಲೆ ಹಿಡಿದರು. ಕೆಂಪಗೆ, ಹಸಿಯಾಗಿ, ಮಗುವಿನದರಂತೆ ನಿಸ್ಸಹಾಯವಾಗಿದ್ದ ಆ ಕಣ್ಣು ಅವರನ್ನೇ ನೋಡುತ್ತಿತ್ತು, ಆದರೆ ಕಾಣುತ್ತಿರಲಿಲ್ಲ.

"ಯಾವುದದು?" ಎಂದರು ಅತ್ತೆ.

"ಮೊದಲನೇದು."

"ಹೇಗೆ ಮೊದಲನೇದು?"

"ಕಪಾಟಿನಲ್ಲಿ ಮೊದಲು ಇದ್ದದ್ದು. ಎಲ್ಲಕ್ಕಿಂತ ಚಿಕ್ಕದು."

ಆ ಮಾತು ಬಾಯಿಂದ ಹೊರಬಿದ್ದ ಕ್ಷಣ ಮೇಷ್ಟ್ರ ಕೈ ಅಲ್ಲೇ ನಿಂತಿತು. ಚಿಕ್ಕದರಿಂದ ದೊಡ್ಡದಕ್ಕೆ. ನಿನ್ನೆ ಕಪಾಟು ಜೋಡಿಸಿದ್ದು ಯಾರು? ಹೆಂಡತಿ ಹೇಳಿದ ಮೊದಲನೆಯದು ನಿನ್ನೆಗಿಂತ ಮುಂಚಿನ ಮೊದಲನೆಯದು. ಈಗ ಕೈಯಲ್ಲಿರುವುದು ಎತ್ತರದ ಮೊದಲನೆಯದು. ಸೀಸೆಯ ತುದಿಯಲ್ಲಿ ಒಂದು ಹನಿ ಉಬ್ಬಿ, ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಮೇಷ್ಟ್ರು ಗಬಕ್ಕನೆ ಕೈ ಹಿಂದೆಳೆದರು. ಹನಿ ಅತ್ತೆಯ ಕೆನ್ನೆಯ ಮೇಲೆ ಬಿತ್ತು.

"ಏನಾಯ್ತು?"

ಸೀಸೆಯನ್ನು ಬೆಳಕಿಗೆ ಹಿಡಿದರು. ಒದ್ದೆ ಕೈಗಳು ಹಿಡಿದು ಹಿಡಿದು ಅಂಟಿಸಿದ ಚೀಟಿ ಬೆಳ್ಳಗಾಗಿತ್ತು. ಕಪಾಟಿನಲ್ಲಿ ಅಂಥದೇ ಇನ್ನೂ ಎರಡು. ಅವರ ಕೈ ತನ್ನಷ್ಟಕ್ಕೇ ಮೂರನ್ನೂ ಪಕ್ಕಪಕ್ಕ ಹಿಡಿಯಿತು, ಕಣ್ಣು ಎತ್ತರ ನೋಡಿತು. ಎತ್ತರ ಏನೂ ಹೇಳಲಿಲ್ಲ.

"ಯಾವುದು ಅಂತ ಕೇಳ್ತಿದ್ದೀನಿ!" ಅತ್ತೆಯ ದನಿಯಲ್ಲಿ ಈಗ ಹೆದರಿಕೆಯಿತ್ತು. "ಅದು ಕಣ್ಣಿನದೇ ತಾನೇ?"

ಹೌದು ಅನ್ನಬಹುದಿತ್ತು. ಮೂರರಲ್ಲೊಂದು, ಬಹುಶಃ ನಡುವಿನದೇ ಇರಬೇಕು ಎಂದು ಒಳಗಿನಿಂದ ಯಾರೋ ಸೀಟಿ ಊದುತ್ತಿದ್ದರು. ಎಲ್ಲಾದರೂ ಒಂದು ಕಡೆ ನಿಲ್ಲಿಸು, ಮುಗಿಸು ಎಂದು.

"ಗೊತ್ತಿಲ್ಲ ಅತ್ತೆ," ಎಂದರು.

ಮೂರೂ ಸೀಸೆಗಳನ್ನು ಕಪಾಟಿನಲ್ಲಿ ಹೇಗೋ ಹಾಗೆ ಇಟ್ಟರು.

"ನನಗೆ ಗೊತ್ತಿಲ್ಲ. ನಿನ್ನೆ ನಾನೇ ಎಲ್ಲ ಜೋಡಿಸಿಬಿಟ್ಟೆ. ಹಾಕಲ್ಲ."

ಹೆಂಡತಿಗೆ ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಕೆಲಸದ ಮಧ್ಯೆ ಆಕೆ ಕೈಗವಸು ತೆಗೆಯುವಂತಿರಲಿಲ್ಲ. ಔಷಧದ ಹೊತ್ತು ಮೀರಿ ಅತ್ತೆಯ ಕಣ್ಣು ಉರಿಯತೊಡಗಿತ್ತು. ಅವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತಿದ್ದರು. ಮೇಷ್ಟ್ರು ಫೋನು ಹಿಡಿದು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದರು. ಕೂರಲಿಲ್ಲ. ಕಪಾಟಿನ ಮೂರು ಸೀಸೆ ಹಾಗೇ ಅಡ್ಡಾದಿಡ್ಡಿ ಬಿದ್ದಿದ್ದವು. ಮುಟ್ಟಲಿಲ್ಲ.

ಕೊನೆಗೆ ಫೋನು ಹೊಡೆದುಕೊಂಡಿತು.

"ಅಯ್ಯೋ, ಹಸಿರು ಮುಚ್ಚಳದ್ದಾ? ಅದು ನನ್ನ ಕಿವಿಗೆ ತಂದಿದ್ದು ರೀ! ಹಾಕಿಲ್ಲ ತಾನೇ? ರೀ, ಹಾಕಿಲ್ಲ ತಾನೇ?"

ಹಾಕಿರಲಿಲ್ಲ. ಬಿಳಿ ಮುಚ್ಚಳದ್ದು, ಎಲ್ಲಕ್ಕಿಂತ ಉದ್ದದ್ದು, ಅದು ಕಣ್ಣಿನದು. ಹನಿ ಬಿದ್ದ ಮೇಲೆ ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಒರಗಿದ್ದರು. ಆಮೇಲೆ ಸೆರಗಿನಿಂದ ಕೆನ್ನೆ ಒರೆಸಿಕೊಂಡು, ಯಾರ ಮೂಲಕವೂ ಅಲ್ಲದೆ ಹೇಳಿದರು.

"ಕಾಫಿ ಮಾಡ್ತೀರಾ? ನಿಮಗೂ ಒಂದು ಲೋಟ."

ಯಾವ ಲೋಟದಲ್ಲಿ ಎಂದು ಮೇಷ್ಟ್ರು ಯೋಚಿಸಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ತಂದರು.

ಪರೀಕ್ಷೆಯ ಕೋಣೆಯಲ್ಲಿ ಬೆಂಚು ಚಿಕ್ಕದು, ಫ್ಯಾನಿನ ಸದ್ದು ದೊಡ್ಡದು. ಮೇಷ್ಟ್ರು ತರ್ಕ ವಿಭಾಗವನ್ನೇ ಮೊದಲು ತೆರೆದರು. ಮೊದಲಿಗೆ ದಿಕ್ಕಿನ ಪ್ರಶ್ನೆಗಳು: ಒಬ್ಬ ಉತ್ತರಕ್ಕೆ ನಡೆದು, ಬಲಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ ಈಗ ಎತ್ತ ಮುಖ ಮಾಡಿದ್ದಾನೆ? ಮೇಷ್ಟ್ರ ಮುಖ ಅರಳಿತು. ಇದು ಅವರ ಅಂಗಳ. ಕೂತಲ್ಲೇ ಭುಜ ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು, ಉತ್ತರ ತಾನಾಗಿ ಬಂತು. ಇನ್ನೊಂದು. ಬಲಕ್ಕೆ, ಬಲಕ್ಕೆ, ಹಿಂದಕ್ಕೆ.

ಹೆಗಲ ಮೇಲೊಂದು ನೆರಳು ಬಿತ್ತು. ಕೋಣೆಯ ಮೇಲ್ವಿಚಾರಕರು.

"ಏನ್ರೀ, ಯಾರಿಗೆ ಸನ್ನೆ ಮಾಡ್ತಿದ್ದೀರಿ?"

"ಸನ್ನೆ ಅಲ್ಲ ಸಾರ್. ದಕ್ಷಿಣಕ್ಕೆ ತಿರುಗ್ತಾ ಇದ್ದೆ."

ಪಕ್ಕದವರು ಕಿಸಕ್ಕೆಂದರು. ಮೇಲ್ವಿಚಾರಕರು ನಗಲಿಲ್ಲ. ಮೇಷ್ಟ್ರ ಹಾಳೆಯನ್ನು ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಾಳೆ ಅವರ ಕೈಯಲ್ಲಿದ್ದಷ್ಟು ಹೊತ್ತೂ ಮೇಷ್ಟ್ರ ಪ್ರಾಣವೂ ಅಲ್ಲೇ ಇತ್ತು. ಗಡಿಯಾರ ಮಾತ್ರ ಯಾರ ಕೈಯಲ್ಲೂ ಇರದೆ ಓಡುತ್ತಿತ್ತು.

"ಇನ್ನೊಂದು ಸಲ ತಿರುಗಿದ್ರೆ, ಬಾಗಿಲ ಕಡೆಗೇ ತಿರುಗಿಸ್ತೀನಿ," ಎಂದು ಹಾಳೆ ಹಿಂದಿರುಗಿಸಿದರು.

ಆಮೇಲೆ ಮೇಷ್ಟ್ರು ಕಲ್ಲಾಗಿ ಕೂತರು. ಭುಜದ ಬದಲು ಕಾಲ್ಬೆರಳುಗಳನ್ನು ಬೂಟಿನೊಳಗೇ ತಿರುಗಿಸುತ್ತ ಉಳಿದ ದಿಕ್ಕುಗಳನ್ನು ಮುಗಿಸಿದರು. ಆಮೇಲೆ ಆಟದ ವಿಷಯ, ಭಾಷೆ. ಅವೇನೂ ಕಷ್ಟವಾಗಲಿಲ್ಲ. ಕೊನೆಗೆ ಬಿಟ್ಟುಕೊಂಡಿದ್ದ ಆ ಪುಟಕ್ಕೆ ವಾಪಸು ಬಂದರು. ಐದು ಪ್ರಶ್ನೆ. ಅಕ್ಷರಗಳ ನಡುವೆ ಬಾಯಿ ತೆರೆದುಕೊಂಡ ಗುರುತುಗಳು, ಎಡಕ್ಕೊಂದು, ಬಲಕ್ಕೊಂದು, ಕೆಲವಕ್ಕೆ ಕೆಳಗೆ ಗೆರೆ. ಮೊದಲನೆಯದರಲ್ಲೇ ಕ್ಯೂ. ಅದು ಮತ್ತೆ ಹೇಗೋ ಆರ್ ಮತ್ತು ಟಿಗಳ ಹೊರಗೆ, ಸಾಲಿನಿಂದಾಚೆ, ಕೈಕಟ್ಟಿಕೊಂಡು ನಿಂತಿತ್ತು. ಮೈದಾನದ ಅಂಚಿನ ಆ ತರುಣನ ಹಾಗೆ.

"ಇನ್ನು ಐದು ನಿಮಿಷ," ಎಂದರು ಮೇಲ್ವಿಚಾರಕರು.

ಮೇಷ್ಟ್ರ ಪೆನ್ನು ಮೊದಲ ಸೊನ್ನೆಯ ಮೇಲೆ ಬಂದು, ತುದಿಯಲ್ಲಿ ಹನಿ ಉಬ್ಬಿದ ಸೀಸೆಯಂತೆ ತೂಗುತ್ತ ನಿಂತಿತು. ಅವರು ಆ ಪುಟವನ್ನು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಗಂಟೆ ಹೊಡೆಯುವವರೆಗೂ ನೋಡಿದರು.

ಫಲಿತಾಂಶ ಬರಲು ತಡವಾಯಿತು. ಆ ನಡುವೆ ಒಂದು ಬೆಳಿಗ್ಗೆ ಮೇಷ್ಟ್ರು ಶಾಲೆ ತಲುಪುವ ಮೊದಲೇ ಮೈದಾನದಿಂದ ಸೀಟಿಯ ಸದ್ದು ಕೇಳಿತು. ಅದು ಅವರ ಸೀಟಿಯಲ್ಲ. ಹೊಸ ಬೂಟಿನ ತರುಣ ಮಕ್ಕಳನ್ನು ನಿಲ್ಲಿಸುತ್ತಿದ್ದ. ಸಾಲು ಹಾವಿನಂತೆ ಸೊಟ್ಟಗಿತ್ತು. "ಸುಮ್ನೆ ಅಭ್ಯಾಸಕ್ಕೆ ಸಾರ್," ಎಂದ. ಆ ಮಾತು ಹೇಳುವ ಮೊದಲು ಅವನು ಸೀಟಿ ಬಾಯಿಂದ ತೆಗೆದದ್ದೊಂದೇ ಮೇಷ್ಟ್ರಿಗೆ ಸಿಕ್ಕ ಮರ್ಯಾದೆ. ಅವತ್ತು ಮನೆಗೆ ಬಂದು ಅವರು ಊಟ ಮಾಡಲಿಲ್ಲ. ಹೆಂಡತಿ ಕೇಳಲಿಲ್ಲ, ಕೇಳಿದರೆ ಏನು ಉತ್ತರ ಬರುತ್ತದೋ ಎಂದು ಆಕೆಗೂ ಹೆದರಿಕೆ.

ಒಂದು ಸಂಜೆ ಆಕೆ ಲ್ಯಾಬಿನಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಹಜಾರದ ನಡುವೆ ನಿಂತು ಮೊಬೈಲಿನಲ್ಲಿ ಬೆರಳಾಡಿಸಿದಳು. ಅತ್ತೆಯ ಕಪ್ಪು ಕನ್ನಡಕ ಹೋಗಿ ಮಾಮೂಲಿ ಕನ್ನಡಕ ಬಂದಿತ್ತು. ಅವರು ಕುರ್ಚಿಯಿಂದ ಎದ್ದೇ ನಿಂತರು. ಮೇಷ್ಟ್ರು ಗೋಡೆಗೆ ಒರಗಿದ್ದರು. ಪುಟ ತೆರೆದುಕೊಳ್ಳಲೇ ಇಲ್ಲ. ದುಂಡಗಿನ ಗುರುತು ಸುತ್ತಿತು, ಸುತ್ತಿತು.

"ರೀ," ಎಂದಳು ಹೆಂಡತಿ. ಹಾಗೇ ಕೆಳಗೆ ಕೂತುಬಿಟ್ಟಳು.

"ಏನೇ? ಏನಂತೆ?" ಅತ್ತೆ ಗದರಿದರು.

"ಪಾಸು ಅಮ್ಮ. ತರ್ಕದಲ್ಲೂ ಪಾಸು. ಗೆರೆಯ ಮೇಲೇ ನಿಂತಿದ್ದಾರೆ. ಬೇಕಾದಷ್ಟೇ ಬಂದಿದೆ, ಆದ್ರೆ ಪಾಸು!" ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ.

ಅತ್ತೆ ಅಲ್ಲಿಗೆ ನಿಲ್ಲಲಿಲ್ಲ. ತಾವು ಪಾಠ ಮಾಡಿದ ಶಾಲೆಯ ಹಳೆಯ ಹೆಡ್‌ಮಾಸ್ಟರಿಗೆ ಆ ಕ್ಷಣವೇ ಫೋನು ಹಚ್ಚಿದರು, ಅದೂ ಸ್ಪೀಕರಿನಲ್ಲಿ. ನಿವೃತ್ತಿಯಾದ ಮೇಲೂ ಪಾಠ ಬಿಟ್ಟಿಲ್ಲ ನೋಡಿ ಎಂದರು. ಅಸಮತೆ ಎಂದರೆ ಏನೆಂದೇ ಗೊತ್ತಿರದವರಿಗೆ ಕಣ್ಣು ಮುಚ್ಚಿಕೊಂಡು ಕಲಿಸಿದೆ, ಅಕ್ಷರಶಃ ಕಣ್ಣು ಮುಚ್ಚಿಕೊಂಡು ಎಂದರು. ನಡುವೆ ಒಂದು ಸಲ "ನಮ್ಮ ಅಳಿಯಂದಿರು" ಎಂಬ ಮಾತೂ ಬಂತು. ಹೆಂಡತಿ ತಲೆಯೆತ್ತಿ ತಾಯಿಯನ್ನು ನೋಡಿದಳು. ಮೇಷ್ಟ್ರು ಗೋಡೆಯಿಂದ ಬೆನ್ನು ಕಿತ್ತು ಸಾವಧಾನ್ ಭಂಗಿಯಲ್ಲಿ ನಿಂತರು.

"ಅಲ್ರೀ, ಆ ದೊಡ್ಡದು ಚಿಕ್ಕದು ಪ್ರಶ್ನೆಗಳಲ್ಲೇ ನಮ್ಮ ಹುಡುಗರೆಲ್ಲ ಬೀಳ್ತಾರೆ," ಎಂದಿತು ಫೋನಿನೊಳಗಿನ ಮುದಿದನಿ. "ಇವರು ಹೇಗೆ ದಾಟಿದ್ರು, ಕೇಳಿ ನೋಡೋಣ."

ಅತ್ತೆ ಫೋನನ್ನು ಮೇಷ್ಟ್ರ ಮುಂದೆ ಹಿಡಿದರು. ಹೊಸದಾಗಿ ಬೆಳಕು ಕಂಡ ಕಣ್ಣುಗಳು ಹೊಳೆಯುತ್ತಿದ್ದವು.

"ನೀವೇ ಹೇಳಿ. ಆ ಐದು ಪ್ರಶ್ನೆ ಹೇಗೆ ಬಿಡಿಸಿದ್ರಿ?"

ಮೇಷ್ಟ್ರು ಅತ್ತೆಯ ಮುಖ ನೋಡಿದರು, ಫೋನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಬಿಡಿಸಲಿಲ್ಲ ಅತ್ತೆ. ಗೊತ್ತಾಗಲಿಲ್ಲ. ಐದನ್ನೂ ಖಾಲಿ ಬಿಟ್ಟು ಎದ್ದು ಬಂದೆ."